ಹಿನ್ನೀರಿನವರೆಗೆ ಕಯಾಕ್ ಒಯ್ಯಲು ಎಂಥ ಗಾಡಿ ಬೇಕು?

ಸಾಗರದಿಂದ ಅರ್ಧ ಗಂಟೆಯ ದೂರದಲ್ಲಿರುವ ಶರಾವತಿ ಹಿನ್ನೀರಿನ ಒಂದು ಮೂಲೆಗೆ ನಾನು ನಾಲ್ಕು ವರ್ಷಗಳಿಂದ ಹೋಗುತ್ತಿದ್ದೇನೆ. ಅಕ್ಟೋಬರಿನಲ್ಲಿ ಕಾರು ನಿಲ್ಲಿಸುವ ಜಾಗದಿಂದ ನೀರಿಗೆ ನಲವತ್ತು ಹೆಜ್ಜೆ. ಏಪ್ರಿಲ್ ಕೊನೆಯಲ್ಲಿ ಅದೇ ಜಾಗದಿಂದ ಎಣಿಸುತ್ತಾ ಹೋದೆ. ಒಂಬೈನೂರು ದಾಟಿದ ಮೇಲೆ ಎಣಿಸುವುದನ್ನೇ ಬಿಟ್ಟೆ.

ಗಾಳಿ ತುಂಬುವ ಕಯಾಕ್ ಕೊಳ್ಳುವವರು ದೋಣಿಯ ಬಗ್ಗೆ ಹತ್ತು ದಿನ ಯೋಚಿಸುತ್ತಾರೆ. ಅದನ್ನು ನೀರಿಗೆ ಮುಟ್ಟಿಸುವ ಗಾಡಿಗೆ ಹತ್ತು ನಿಮಿಷವನ್ನೂ ಕೊಡುವುದಿಲ್ಲ. ನಾನೂ ಕೊಡಲಿಲ್ಲ. ಮಡಚಿದರೆ ಡಿಕ್ಕಿಯಲ್ಲಿ ಕೂರುತ್ತದಲ್ಲ, ಇನ್ನೇನು ಬೇಕು ಎಂದುಕೊಂಡಿದ್ದೆ. ಗಾಳಿ ತುಂಬಿದ ಕ್ಷಣದಿಂದ ಅದು ಮೂರು ಮೀಟರಿಗೂ ಉದ್ದದ, ಗಾಳಿ ಬೀಸಿದತ್ತ ತಿರುಗುವ, ಹಿಡಿಯಲು ಸರಿಯಾದ ಮೂಲೆಯೇ ಇಲ್ಲದ ವಸ್ತು. ಇಬ್ಬರು ಕೂರುವ ಸಾಮಾನ್ಯ ಕಯಾಕ್ 15ರಿಂದ 18 ಕಿಲೋ ಇರುತ್ತದೆ. ಎರಡು ಹುಟ್ಟು, ಎರಡು ಜೀವರಕ್ಷಕ ಜಾಕೆಟ್, ಪಂಪು, ಕುಡಿಯುವ ನೀರು, ಬುತ್ತಿ ಎಲ್ಲ ಸೇರಿ ನಮ್ಮ ಹೊರೆ ತಕ್ಕಡಿಯಲ್ಲಿ 26 ಕಿಲೋ ತೂಗಿತು.

ಮೊದಲು ತರಿಸಿದ್ದು ಚಿತ್ರದಲ್ಲಿ ಚೆನ್ನಾಗಿ ಕಂಡ ಅಗ್ಗದ ಗಾಡಿ. ಗಟ್ಟಿ ಪ್ಲಾಸ್ಟಿಕ್ಕಿನ, 15 ಸೆಂ.ಮೀ. ವ್ಯಾಸದ ಎರಡು ಚಕ್ರಗಳು. ಮನೆಯ ಮುಂದಿನ ಸಿಮೆಂಟ್ ಅಂಗಳದಲ್ಲಿ ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ಹಿನ್ನೀರಿನ ದಡದಲ್ಲಿ, ಮೇಲೆ ಒಣಗಿ ಬಿರುಕು ಬಿಟ್ಟು ಒಳಗೆ ಹುದುಲಾಗಿದ್ದ ಮಣ್ಣಿನ ಮೇಲೆ ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಇರುಸಿನವರೆಗೆ ಹೂತಿತು. ದನ ಮೇಯಿಸುತ್ತಿದ್ದ ಹಿರಿಯರೊಬ್ಬರು ಸ್ವಲ್ಪ ಹೊತ್ತು ನೋಡಿ, "ಇದಕ್ಕೆ ಗಾಡಿ ಯಾಕೆ ಮಾರಾಯರೇ, ತಲೆಯ ಮೇಲೆ ಇಟ್ಟುಕೊಳ್ಳಿ" ಎಂದರು. ಹೇಳಿದ್ದಷ್ಟೇ ಅಲ್ಲ, ದೋಣಿಯ ಒಂದು ತುದಿಗೆ ತಾವೇ ತಲೆ ಕೊಟ್ಟರು. ಆ ದಿನ ಗಾಡಿಯನ್ನೂ ನಾವೇ ಹೊತ್ತುಕೊಂಡು ಬಂದೆವು.

ಅವರ ಪ್ರಶ್ನೆ ಸರಿಯಾದದ್ದೇ. ಗಾಡಿ ಆರಿಸುವ ಕೆಲಸವನ್ನು ಅಲ್ಲಿಂದಲೇ ಶುರು ಮಾಡಬೇಕು.

ಮೊದಲು: ಗಾಡಿ ಬೇಕೇ ಬೇಕೇ?

ನೂರು ಮೀಟರಿನೊಳಗಿನ ದಾರಿಯಾದರೆ, ಇಬ್ಬರಿದ್ದರೆ, ಬೇಡ. ಎರಡೂ ತುದಿಯ ಹಿಡಿಕೆ ಹಿಡಿದು ಹೊತ್ತುಕೊಂಡು ಹೋಗಿ. ದೋಣಿಯನ್ನು ಮಡಚಿಯೇ ಚೀಲದಲ್ಲಿ ಒಯ್ದು ದಡದಲ್ಲಿ ಗಾಳಿ ತುಂಬುವವರಿಗೂ ಕಯಾಕ್ ಗಾಡಿ ಬೇಕಿಲ್ಲ. ಬೆನ್ನಿಗೆ ಹಾಕುವ ಚೀಲ ಅಥವಾ ಸಾಮಾನು ಎಳೆಯುವ ಮಡಚುವ ಟ್ರಾಲಿ ಸಾಕು. ರೈಲಿನಲ್ಲಿ ತಾಳಗುಪ್ಪಕ್ಕೆ ಬಂದು ಅಲ್ಲಿಂದ ಆಟೋ ಹಿಡಿಯುವವರಿಗೆ ಇದೇ ವಾಸಿ.

ಇಲ್ಲಿ ನಿರ್ಧಾರ ಮಾಡುವುದು ನಿಮ್ಮ ಪಂಪು. ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸುವ ವಿದ್ಯುತ್ ಪಂಪು ನಿಮ್ಮದಾದರೆ ಗಾಳಿ ತುಂಬುವುದು ಕಾರಿನ ಪಕ್ಕದಲ್ಲೇ. ಆಗ ಉಬ್ಬಿದ ದೋಣಿಯನ್ನು ನೀರಿನವರೆಗೆ ಎಳೆಯಲೇಬೇಕು. ಕೈಪಂಪೋ ಚಾರ್ಜ್ ಮಾಡುವ ಪಂಪೋ ಇದ್ದರೆ ದಡದಲ್ಲೇ ತುಂಬಬಹುದು. ಹಾಗೆಂದು ಗಾಡಿಯನ್ನು ತಳ್ಳಿಹಾಕಬೇಡಿ. ಹೋಗುವಾಗಿನ ಲೆಕ್ಕ ಬೇರೆ, ಬರುವಾಗಿನ ಲೆಕ್ಕ ಬೇರೆ. ಸಂಜೆ ದೋಣಿ ಒದ್ದೆಯಾಗಿರುತ್ತದೆ, ತಳಕ್ಕೆ ಕೆಂಪು ಮಣ್ಣು ಮೆತ್ತಿರುತ್ತದೆ. ಅದನ್ನು ಹಾಗೆಯೇ ಮಡಚಿ ಚೀಲಕ್ಕೆ ತುಂಬಿದರೆ ಮಲೆನಾಡಿನ ಥಂಡಿಗೆ ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಉಬ್ಬಿದ ದೋಣಿಯನ್ನೇ ಕಾರಿನವರೆಗೆ ತಂದು, ಒರೆಸಿ, ನೀರು ಬಸಿದು, ಆಮೇಲೆ ಗಾಳಿ ಬಿಡುವುದು ಸುಖ. ನನಗೆ ಗಾಡಿ ನಿಜಕ್ಕೂ ಬೇಕಾಗುವುದು ಈ ಹಿಂದಿರುಗುವ ದಾರಿಗೆ.

ಆಮೇಲೆ: ಬರಿಗೈಯಲ್ಲಿ ದಾರಿ ನಡೆದು ನೋಡಿ

ಅಳತೆ ಟೇಪು ಹಿಡಿದು ಕಾರಿನಿಂದ ನೀರಿನವರೆಗೆ ಒಮ್ಮೆ ನಡೆಯಿರಿ. ಸಾಧ್ಯವಾದರೆ ಬೇಸಿಗೆಯಲ್ಲಿ ನಡೆಯಿರಿ, ಏಕೆಂದರೆ ದಾರಿ ಅತ್ಯಂತ ಉದ್ದವಾಗುವುದೂ ಕೆಡುವುದೂ ಆಗಲೇ. ಶರಾವತಿಯ ಈ ಹಿನ್ನೀರು ಲಿಂಗನಮಕ್ಕಿ ಜಲಾಶಯದ್ದು, ಅದರ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಮಳೆಗಾಲದಲ್ಲಿ ತುಂಬಿಕೊಂಡ ನೀರು ವಿದ್ಯುತ್ತಿಗಾಗಿ ಹರಿಯುತ್ತಾ ಬೇಸಿಗೆಗೆ ಹತ್ತಾರು ಅಡಿ ಇಳಿಯುತ್ತದೆ. 1964ರಲ್ಲಿ ಈ ಅಣೆಕಟ್ಟು ಬಂದಾಗ ಮುಳುಗಿದ ಮಡೆನೂರಿನ ಹಳೆಯ ಅಣೆಕಟ್ಟು ಮತ್ತೆ ತಲೆ ಎತ್ತುವುದೂ ಆ ಹೊತ್ತಿಗೇ. ದಡದ ಇಳಿಜಾರು ಐವತ್ತು ಅಡಿಗೆ ಒಂದು ಅಡಿಯಷ್ಟಿದ್ದರೆ, ನೀರು ಒಂದು ಅಡಿ ಇಳಿದಾಗ ದಡ ಐವತ್ತು ಅಡಿ ಆಚೆ ಹೋಗುತ್ತದೆ. ಪತ್ರಿಕೆಯಲ್ಲಿ ಬರುವ ಜಲಾಶಯದ ಮಟ್ಟವನ್ನು ಬುತ್ತಿ ಕಟ್ಟುವ ಮೊದಲು ನೋಡುವ ಅಭ್ಯಾಸ ನನಗೆ ಬಂದದ್ದು ಹೀಗೆ.

ದಾರಿಯಲ್ಲಿ ನೋಡಬೇಕಾದದ್ದು ನೆಲ ಮತ್ತು ಅಗಲ. ನೆಲ ಜಂಬಿಟ್ಟಿಗೆಯ ಚೂರೋ, ಮರಳೋ, ಹುಲ್ಲಿನ ಬ್ಯಾಣವೋ, ಹುದುಲೋ? ತೀರ್ಥಹಳ್ಳಿಯ ತುಂಗೆಯ ದಡದಲ್ಲಿ ಬಂಡೆಯೂ ಮರಳೂ ಒಂದರ ಪಕ್ಕ ಒಂದಿವೆ. ಹಿನ್ನೀರಿನ ದಡದಲ್ಲಿ ಕೊಳೆಯದೆ ಉಳಿದ ಮರದ ಬೊಡ್ಡೆಗಳಿವೆ. ಅಗಲ ಎಂದಾಗ ನಮ್ಮ ಕಡೆ ಮರೆಯಬಾರದವು ಎರಡು: ದಣಪೆ (ಬೇಲಿಯಲ್ಲಿ ಗಳ ಅಡ್ಡ ಹಾಕಿದ ಬಾಗಿಲು) ಮತ್ತು ಸಂಕ (ಹಳ್ಳ ದಾಟುವ ಕಾಲುಸೇತುವೆ). ದಣಪೆಯ ಗಳಗಳನ್ನು ಸರಿಸಿ ಅಗಲಿಸಿಕೊಳ್ಳಬಹುದು (ಮತ್ತೆ ಹಾಕುವುದನ್ನು ಮರೆತರೆ ತೋಟದವರ ಬಾಯಿಗೆ ಬೀಳುತ್ತೀರಿ). ಎರಡು ಅಡಿಕೆ ದಬ್ಬೆಯ ಸಂಕವನ್ನು ಮಾತ್ರ ಅಗಲಿಸಲಾಗದು. ಅಲ್ಲಿ ಎಂಥ ಗಾಡಿಯೂ ದಾಟುವುದಿಲ್ಲ, ಬಿಚ್ಚಿ ಹೊರಬೇಕು. ಹಾಗಾಗಿ ದಾರಿಯಲ್ಲಿ ಸಂಕವಿದ್ದರೆ ಒಂದೇ ನಿಮಿಷದಲ್ಲಿ ಬಿಚ್ಚಬಹುದಾದ ಹಗುರ ಗಾಡಿಯನ್ನೇ ನೋಡಿ.

ಚಕ್ರ

ಹಣ ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ.

ದಾರಿಗೆ ಅಡ್ಡಲಾಗಿ 5 ಸೆಂ.ಮೀ. ಎತ್ತರದ ಬೇರು ಇದೆ ಎಂದಿಟ್ಟುಕೊಳ್ಳಿ. 15 ಸೆಂ.ಮೀ. ವ್ಯಾಸದ ಚಕ್ರ ಅದನ್ನು ಹತ್ತಲು ಚಕ್ರದ ಮೇಲಿನ ಹೊರೆಯ ಸುಮಾರು ಮೂರು ಪಟ್ಟು ಬಲದಿಂದ ಎಳೆಯಬೇಕು. 30 ಸೆಂ.ಮೀ. ಚಕ್ರಕ್ಕೆ ಹೊರೆಯಷ್ಟೇ ಅಥವಾ ಅದಕ್ಕಿಂತ ತುಸು ಹೆಚ್ಚು ಬಲ ಸಾಕು. ಚಕ್ರದ ವ್ಯಾಸ ದುಪ್ಪಟ್ಟಾದರೆ ಶ್ರಮ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಎತ್ತಿನ ಗಾಡಿಗೆ ಆಳೆತ್ತರದ ಚಕ್ರ ಕಟ್ಟುತ್ತಿದ್ದವರು ಈ ಲೆಕ್ಕ ಬರೆದಿಡದಿದ್ದರೂ ಚೆನ್ನಾಗಿ ಬಲ್ಲವರೇ. ನಮ್ಮ ಕಡೆಯ ದಾರಿಗಳಿಗೆ 25 ಸೆಂ.ಮೀ.ಗಿಂತ ಚಿಕ್ಕ ಚಕ್ರವನ್ನು ನಾನು ಯಾರಿಗೂ ಹೇಳುವುದಿಲ್ಲ.

ವ್ಯಾಸ ಬೇರು, ಕಲ್ಲುಗಳಿಗೆ ಉತ್ತರವಾದರೆ ಅಗಲ ಕೆಸರಿಗೂ ಮರಳಿಗೂ ಉತ್ತರ. ಒಂದೇ ಹೊರೆ ಎರಡು ಬೆರಳಗಲದ ಚಕ್ರದ ಮೇಲೆ ಕೂತರೆ ಹೂಳುತ್ತದೆ, ಒಂದು ಗೇಣಗಲದ್ದರ ಮೇಲೆ ಕೂತರೆ ತೇಲಿದಂತೆ ಹೋಗುತ್ತದೆ.

ಮಾರಾಟಕ್ಕೆ ಸಿಗುವ ಚಕ್ರಗಳು ಹೆಚ್ಚುಕಡಿಮೆ ನಾಲ್ಕು ಬಗೆಯವು. ಟೊಳ್ಳು ಪ್ಲಾಸ್ಟಿಕ್ಕಿನ ಗಟ್ಟಿ ಚಕ್ರ ಡಾಂಬರಿಗೆ, ಸಿಮೆಂಟಿಗೆ ಸರಿ. ಜಲ್ಲಿಯ ಮೇಲೆ ಗಡಗಡ ಸದ್ದು ಮಾಡಿ ಮಿಂಚುಳ್ಳಿಗಳನ್ನೆಲ್ಲ ಓಡಿಸುತ್ತದೆ. ಎರಡನೆಯದು ಸ್ಪಂಜಿನಂತಹ ಫೋಮ್ ತುಂಬಿದ, ಟ್ಯೂಬಿಲ್ಲದ ಚಕ್ರ. ಪಂಕ್ಚರ್ ಎಂಬ ಮಾತೇ ಇಲ್ಲ. ಮೂರನೆಯದು ಟೈರು-ಟ್ಯೂಬಿನದು. ಓಟ ಮೆತ್ತಗಿರುತ್ತದೆ, ಹುದುಲಿನಲ್ಲಿ ಸ್ವಲ್ಪ ಗಾಳಿ ಬಿಟ್ಟರೆ ಅಗಲವಾಗಿ ಊರಿಕೊಳ್ಳುತ್ತದೆ. ಬಿದಿರ ಮುಳ್ಳು ಮಾತ್ರ ಇದರ ಶತ್ರು. ಬಿದಿರ ಹಿಂಡಲಿನ ಪಕ್ಕದ ದಾರಿಯಲ್ಲಿ ಟ್ಯೂಬಿನ ಚಕ್ರ ತಂದವರು ದೋಣಿಗೆ ಒಂದು, ಗಾಡಿಗೆ ಒಂದು ಎಂದು ಎರಡು ಪಂಪು ತರಬೇಕಾಗುತ್ತದೆ. ನಾಲ್ಕನೆಯದು ಬಲೂನಿನಂತೆ ಉಬ್ಬಿದ, ಬಹಳ ಕಡಿಮೆ ಒತ್ತಡದ ಅಗಲ ಚಕ್ರ. ಕಡಲ ತೀರದ ಮರಳಿಗೆಂದು ಬಂದದ್ದು ಇದು, ಹುದುಲಿಗೂ ಇದರಂತಹದು ಬೇರೆ ಇಲ್ಲ. ಬೆಲೆ ಕೇಳಿದರೆ ಮಾತ್ರ ದೋಣಿಯನ್ನೇ ಇನ್ನೊಮ್ಮೆ ಕೊಂಡಂತೆ ಅನಿಸುತ್ತದೆ, ಜೊತೆಗೆ ಡಿಕ್ಕಿಯಲ್ಲಿ ಅರ್ಧ ಜಾಗ ಅದಕ್ಕೇ ಹೋಗುತ್ತದೆ.

ನಾನು ಈಗ ಬಳಸುತ್ತಿರುವುದು ಫೋಮ್ ತುಂಬಿದ, 28 ಸೆಂ.ಮೀ. ವ್ಯಾಸದ, ಅಂಗೈ ಅಗಲದ ಚಕ್ರ. ಹುದುಲಿನಲ್ಲಿ ಬಲೂನು ಚಕ್ರದಷ್ಟು ಸಲೀಸಲ್ಲ, ಹೂತು ನಿಲ್ಲುವುದೂ ಇಲ್ಲ. ವರ್ಷದ ಹೆಚ್ಚು ದಿನ ನೀರಿಗೆ ಇಳಿಯುವುದು ಅಕ್ಟೋಬರಿನಿಂದ ಜನವರಿಯೊಳಗೆ ಎಂದಾದರೆ ಇಷ್ಟು ಸಾಕು. ಏಪ್ರಿಲ್-ಮೇ ತಿಂಗಳೇ ನಿಮ್ಮ ಬಿಡುವಿನ ಕಾಲವಾದರೆ ಬಲೂನು ಚಕ್ರಕ್ಕೆ ಹಣ ಕೂಡಿಡಿ.

ದೋಣಿ ಕೂರುವ ತೊಟ್ಟಿಲು

ಅಂಗಡಿಯವರು ಹೇಳದ ಮಾತು ಇಲ್ಲಿದೆ: ಸಿಗುವ ಗಾಡಿಗಳಲ್ಲಿ ಬಹುಪಾಲು ಗಟ್ಟಿ ಪ್ಲಾಸ್ಟಿಕ್ ಕಯಾಕಿಗೆ ಮಾಡಿದವು. ಗಟ್ಟಿ ಕಯಾಕಿನ ತಳಕ್ಕೆ ಆಕಾರವಿದೆ, ಬೆನ್ನೆಲುಬಿದೆ. ಗಾಳಿಯ ಕಯಾಕಿನ ತಳ ಚಪ್ಪಟೆ, ಅಗಲ, ಮೆತ್ತಗೆ.

ನೆಟ್ಟಗೆ ನಿಂತ ಎರಡು ಕೋಲುಗಳನ್ನು ದೋಣಿಯ ತಳದ ತೂತುಗಳಿಗೆ ತೂರಿಸುವ ಗಾಡಿಯನ್ನು ಕಣ್ಣೆತ್ತಿಯೂ ನೋಡಬೇಡಿ. ಗಟ್ಟಿ ಕಯಾಕಿನಲ್ಲಿ ಆ ತೂತುಗಳು ಎರಕದ ಕೊಳವೆಗಳು, ಭಾರ ತಡೆಯುತ್ತವೆ. ನಮ್ಮ ದೋಣಿಯಲ್ಲಿ ತೂತಿದ್ದರೂ ಅದು ನೀರು ಹೊರಹೋಗಲು ಬಟ್ಟೆಯಲ್ಲಿ ಮಾಡಿದ ಕಿಂಡಿ. ಅಲ್ಲಿ ಕೋಲು ನುಗ್ಗಿಸಿದರೆ ದೋಣಿಗೆ ನೀವೇ ಗೂಟ ಹೊಡೆದಂತೆ.

ಇಕ್ಕುಳದಂತೆ ಎರಡೂ ಬದಿಯಿಂದ ಓರೆಯಾಗಿ ಏಳುವ ತೋಳುಗಳ ಗಾಡಿ ಕೆಟ್ಟದ್ದೇನಲ್ಲ. ತೋಳುಗಳ ನಡುವಿನ ಅಂತರ ಮಾತ್ರ ದೋಣಿಯ ತಳಕ್ಕಿಂತ ಚಿಕ್ಕದಾಗಿದ್ದರೆ ಅಕ್ಕಪಕ್ಕದ ಗಾಳಿಕೊಳವೆಗಳನ್ನು ಹಿಂಡುತ್ತದೆ. ಗಾಳಿಯ ಕಯಾಕಿಗೆ ಒಪ್ಪುವುದು ಚಪ್ಪಟೆಯಾದ, ಉದ್ದುದ್ದಕ್ಕೆ ಎರಡು ಮೆತ್ತೆಯ ಪಟ್ಟಿಗಳಿರುವ ತೊಟ್ಟಿಲು. ಪಟ್ಟಿ ಉದ್ದವಿದ್ದಷ್ಟೂ ಒಳ್ಳೆಯದು. ಮೊಳದುದ್ದಕ್ಕಿಂತ ಕಡಿಮೆಯಿದ್ದರೆ ದೋಣಿ ನಡು ಬಾಗಿ ಬಾಳೆಹಣ್ಣಿನಂತೆ ಎರಡೂ ತುದಿ ಜೋತು ಬೀಳುತ್ತದೆ. ತಳಕ್ಕೆ ಸಿಕ್ಕಿಸುವ ದಿಕ್ಕಿನ ರೆಕ್ಕೆ ಇದ್ದರೆ ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಆಮೇಲೆ ದೋಣಿಯನ್ನು ಏರಿಸಿ. ರೆಕ್ಕೆ ಇರುಸಿಗೆ ತಾಗಿ ಬುಡ ಕಿತ್ತು ಬಂದರೆ ತೇಪೆ ಹಾಕುವುದು ಸುಲಭದ ಮಾತಲ್ಲ.

ಇನ್ನೊಂದನ್ನು ನಾನು ಕಲಿತದ್ದು ಎರಡನೆಯ ಗಾಡಿಯಲ್ಲಿ, ತಡವಾಗಿ. ಉಬ್ಬಿದ ದೋಣಿ ಗಾಡಿಗಿಂತ ಅಗಲ, ಹಾಗಾಗಿ ಅದರ ಬದಿಗಳು ಚಕ್ರದ ಮೇಲೆ ಚಾಚಿಕೊಳ್ಳುತ್ತವೆ. ಚಕ್ರದ ನೆತ್ತಿಗೂ ದೋಣಿಗೂ ನಡುವೆ ಅಡ್ಡಡ್ಡ ಅಂಗೈ ತೂರುವಷ್ಟು ಜಾಗ ಇರಲೇಬೇಕು. ನನ್ನದರಲ್ಲಿ ಎರಡು ಬೆರಳಿನ ಜಾಗವಿತ್ತು. ಮಣ್ಣು ಮೆತ್ತಿದ ಟೈರು ಅರ್ಧ ಕಿಲೋಮೀಟರು ಉಜ್ಜಿ, ಕೊಳವೆಯ ಮೇಲಿನ ಬಣ್ಣ ಹೋಗಿ ಒಳಗಿನ ನೂಲು ಕಾಣಿಸಿತು. ಕೊಳ್ಳುವಾಗ ಚಕ್ರದ ವ್ಯಾಸದ ಜೊತೆ ತೊಟ್ಟಿಲಿನ ಎತ್ತರವನ್ನೂ ಕೇಳಿ. ಅಂತರ್ಜಾಲದ ಪುಟದಲ್ಲಿ ಬರೆದಿಲ್ಲದಿದ್ದರೆ ಬರೆದು ಕೇಳಿ.

ಉಳಿದ ಅಂಗಾಂಗ

ಹೊರುವ ಶಕ್ತಿಯ ಬಗ್ಗೆ ಬಹಳ ತಲೆ ಕೆಡಿಸಿಕೊಳ್ಳಬೇಡಿ. 50 ಕಿಲೋ ತಡೆಯುತ್ತದೆ ಎಂದು ಬರೆದಿದ್ದರೆ ಗಾಳಿಯ ಕಯಾಕಿಗೆ ಧಾರಾಳ. ಮಗುವನ್ನು ದೋಣಿಯಲ್ಲಿ ಕೂರಿಸಿ ಎಳೆಯುವ ಆಸೆ ಎಲ್ಲರಿಗೂ ಬರುತ್ತದೆ, ಬೇಡ.

ಚೌಕಟ್ಟು ಅಲ್ಯೂಮಿನಿಯಮ್ಮಿನದಾದರೆ ಒಳ್ಳೆಯದು. ಬಣ್ಣ ಬಳಿದ ಕಬ್ಬಿಣ ನಮ್ಮ ಮಳೆಗಾಲದಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ನಿಂತೇ ತುಕ್ಕು ಹಿಡಿಯುತ್ತದೆ. ಚಕ್ರಗಳು ಕಡಾಣಿ ಎಳೆದ ಕೂಡಲೇ ಕಳಚಿ ಬರುವಂತಿರಲಿ. ಏಕೆಂದರೆ ನೀರು ಮುಟ್ಟಿದ ಮೇಲೆ ಗಾಡಿಯನ್ನು ಏನು ಮಾಡುತ್ತೀರಿ? ಬಂದ ದಡಕ್ಕೇ ಮರಳುವುದಾದರೆ ಮರದ ಬುಡಕ್ಕೆ ಬೀಗ ಹಾಕಿ ಬಿಡಬಹುದು. ಹಿನ್ನೀರಿನ ಇನ್ನೊಂದು ಕಡೆ ಹತ್ತುವುದಾದರೆ ಗಾಡಿಯೂ ದೋಣಿಯಲ್ಲೇ ಬರಬೇಕು. ಹಾಗೆ ಒಯ್ಯುವಾಗ ಇರುಸಿನ ತುದಿಗಳಿಗೆ ಹಳೆಯ ಬಟ್ಟೆ ಸುತ್ತಿ, ಮತ್ತು ಗಾಡಿಯನ್ನು ದೋಣಿಗೆ ಕಟ್ಟಿ. ಅಲ್ಯೂಮಿನಿಯಮ್ ಹಗುರವಾದರೂ ಮುಳುಗುತ್ತದೆ.

ಗಾಡಿಯನ್ನು ನೆಟ್ಟಗೆ ನಿಲ್ಲಿಸುವ ಕಾಲು ಒಬ್ಬರೇ ಹೋಗುವವರಿಗೆ ಅಗತ್ಯ. ಅದಿಲ್ಲದಿದ್ದರೆ ದೋಣಿಯನ್ನು ಎತ್ತಿ ಇಡಲು ಹೋದಾಗಲೆಲ್ಲ ಗಾಡಿ ಹಿಂದಕ್ಕೆ ಜಾರುತ್ತದೆ.

ಕಟ್ಟುವುದು ಮತ್ತು ತೂಗಿಸುವುದು

ಹೊಸ ಗಾಡಿಯನ್ನು ಮನೆಯಲ್ಲೇ ಪೂರ್ತಿ ಹೊರೆ ಹೇರಿ ಪರೀಕ್ಷಿಸಿ. ಮೊದಲು ದೋಣಿಗೆ ತಯಾರಕರು ಹೇಳಿದಷ್ಟು ಗಾಳಿ ತುಂಬಿ. ಅರೆಬರೆ ಗಾಳಿಯ ದೋಣಿ ಯಾವ ಗಾಡಿಯ ಮೇಲೂ ನಿಲ್ಲುವುದಿಲ್ಲ. ತಣ್ಣನೆಯ ನೀರಿನಲ್ಲಿ ಎರಡು ಗಂಟೆ ಇದ್ದ ದೋಣಿಯ ಒತ್ತಡ ತಾನಾಗಿಯೇ ಇಳಿದಿರುತ್ತದೆ, ಆದ್ದರಿಂದ ಹಿಂದಿರುಗುವಾಗ ನಾಲ್ಕು ಸಲ ಪಂಪು ಹೊಡೆದು ಆಮೇಲೆ ಏರಿಸಿ. ಬಿಸಿಲಿನಲ್ಲಿ ಇದು ತಿರುಗುಮುರುಗು: ಗಾಡಿಯ ಮೇಲೆ ಬಿಸಿಲಿಗೆ ಬಿಟ್ಟು ಊಟಕ್ಕೆ ಹೋಗುವುದಾದರೆ ಸ್ವಲ್ಪ ಗಾಳಿ ಬಿಟ್ಟು ಹೋಗಿ.

ಪಟ್ಟಿಗಳು ಎರಡು ಬೇಕು, ಬಕಲ್ ಒತ್ತಿ ಕೈಯಿಂದ ಎಳೆದು ಬಿಗಿಯುವಂತಹವು. ಲಾರಿಯವರು ಬಳಸುವ, ಹಿಡಿಕೆ ಆಡಿಸಿ ಬಿಗಿಯುವ ರ‍್ಯಾಚೆಟ್ ಪಟ್ಟಿ ಬೇಡ. ಎಷ್ಟು ಬಿಗಿಯಾಯಿತೆಂದು ಕೈಗೆ ತಿಳಿಯುವುದೇ ಇಲ್ಲ. ಒದ್ದೆ ದೋಣಿ ಜಾರುತ್ತದೆ. ಬೊಡ್ಡೆಗೆ ಚಕ್ರ ತಾಗಿದ ಕ್ಷಣ ದೋಣಿ ಮುಂದೆ, ಗಾಡಿ ಹಿಂದೆ ಆಗುತ್ತದೆ. ಇದಕ್ಕೆ ಮದ್ದು: ಒಂದು ಮೋಟು ಹಗ್ಗದಿಂದ ಗಾಡಿಯ ಚೌಕಟ್ಟನ್ನು ದೋಣಿಯ ಮುಂದಿನ ಬಳೆಗೆ ಕಟ್ಟುವುದು.

ಗಾಡಿಯನ್ನು ದೋಣಿಯ ಯಾವ ಭಾಗದ ಕೆಳಗೆ ಇಡಬೇಕು? ಹಿಂದಿನ ತುದಿಗೆ ಸಿಕ್ಕಿಸುವ ಪುಟ್ಟ ಗಾಡಿಗಳಿವೆ. ಅವುಗಳಲ್ಲಿ ಹೊರೆಯ ಅರ್ಧದಷ್ಟು, ಅಂದರೆ ನಮ್ಮ 26 ಕಿಲೋದಲ್ಲಿ 13 ಕಿಲೋ, ನಿಮ್ಮ ಕೈಯ ಮೇಲೆ. 3.2 ಮೀಟರ್ ಉದ್ದದ ದೋಣಿಯ ನಟ್ಟನಡುವಿನಿಂದ 25 ಸೆಂ.ಮೀ. ಹಿಂದಕ್ಕೆ ಇರುಸು ಬರುವಂತೆ ಗಾಡಿಯನ್ನು ಇಟ್ಟರೆ ಕೈಗೆ ಸಿಗುವುದು ಮೂರೂವರೆ ಕಿಲೋ ಮಾತ್ರ. ನಡುವಿಗೇ ಇಟ್ಟರೆ ಕೈಗೆ ಭಾರವೇ ಇರದು, ಆದರೆ ದೋಣಿ ಏತದಂತೆ ಆಡುತ್ತದೆ. ಎತ್ತಿನ ಗಾಡಿಗೆ ಹುಲ್ಲು ಹೇರುವವರು ತುಸು ಮುಂಭಾರ ಇಡುವುದು ಇದಕ್ಕೇ. ಹಿಂಭಾರವಾದರೆ ಮೂಕಿ ಆಕಾಶ ನೋಡುತ್ತದೆ. ಸರಿಯಾದ ಜಾಗ ಸಿಕ್ಕ ಮೇಲೆ ದೋಣಿಯ ಬದಿಗೆ ಶಾಶ್ವತ ಶಾಯಿಯಿಂದ ಗುರುತು ಹಾಕಿಬಿಡಿ, ಪ್ರತಿ ಸಲ ಹುಡುಕುವ ಕೆಲಸ ತಪ್ಪುತ್ತದೆ.

ಇಳಿಜಾರಿನಲ್ಲಿ ದೋಣಿ ಮುಂದೆ ಇರಲಿ, ನೀವು ಮೇಲ್ಗಡೆ ಇರಿ. ಐದಕ್ಕೆ ಒಂದರಷ್ಟು ಇಳಿಜಾರಿದ್ದರೆ ನಮ್ಮ ಹೊರೆ ಸುಮಾರು ಐದು ಕಿಲೋ ಬಲದಿಂದ ಕೆಳಕ್ಕೆ ಎಳೆಯುತ್ತದೆ. ತಡೆಯಲಾಗದ ಬಲವೇನಲ್ಲ, ಆದರೆ ಹಿಮ್ಮಡಿಗೆ ಬಂದು ಬಡಿದಾಗ ನೆನಪು ಉಳಿಯುತ್ತದೆ.

ಮನೆಯಲ್ಲೇ ಮಾಡಿಸುವವರಿಗೆ

ಶಿವಮೊಗ್ಗದಲ್ಲೋ ಸಾಗರದಲ್ಲೋ ವೆಲ್ಡಿಂಗ್ ಮಾಡುವವರು ಅರ್ಧ ದಿನದಲ್ಲಿ ಚೌಕಟ್ಟು ಮಾಡಿಕೊಡುತ್ತಾರೆ. ಮೆತ್ತೆಗೆ, ಎ.ಸಿ. ಪೈಪಿಗೆ ತೊಡಿಸುವ ಕಪ್ಪು ಸ್ಪಂಜಿನ ಕೊಳವೆ ಹೇಳಿ ಮಾಡಿಸಿದಂತಿದೆ. ಎಡವುವುದು ಚಕ್ರದಲ್ಲಿ. ಗುಜರಿಯಲ್ಲಿ ಸಿಗುವ ಮಕ್ಕಳ ಸೈಕಲ್ ಚಕ್ರ ನೋಡಿ ಆಸೆ ಪಡುತ್ತೇವೆ. ಸೈಕಲ್ಲಿನ ಅಚ್ಚು ಎರಡೂ ಬದಿಯಿಂದ ಆಧಾರ ಪಡೆಯಲೆಂದು ಮಾಡಿದ್ದು. ಒಂದೇ ಬದಿಯಿಂದ ಹಿಡಿದು ಹೊರೆ ಹೇರಿದರೆ ಬಾಗುತ್ತದೆ. ಉದ್ದದ ಸರಳು ಆರಪಾರ ತೂರುವಂತಹ ನಡುತೂತಿನ ಚಕ್ರ, ಸಾಮಾನು ಸಾಗಿಸುವ ಕೈಗಾಡಿಯದು, ಸರಿಹೊಂದುತ್ತದೆ. ತೋಟದ ಒಂಟಿ ಚಕ್ರದ ಕೈಗಾಡಿಯ ಚಕ್ರವೂ ನಡೆಯುತ್ತದೆ, ಆದರೆ ಅಂತಹ ಎರಡು ಸೇರಿದರೆ ಗಾಡಿಯ ತೂಕ ದೋಣಿಯ ತೂಕಕ್ಕೆ ಪೈಪೋಟಿ ಕೊಡುತ್ತದೆ. ಗಾಡಿ ಐದಾರು ಕಿಲೋ ದಾಟಬಾರದು.

ಹೊರಡುವ ಮೊದಲು

ಅಣೆಕಟ್ಟುಗಳ ಹತ್ತಿರ ಇಳಿಯುವಂತಿಲ್ಲ. ಶರಾವತಿ ಕಣಿವೆಯ ಅಭಯಾರಣ್ಯದ ಕಡೆ, ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಕಡೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗಬೇಡಿ. ಮಳೆಗಾಲದ ತುಂಗೆಗೆ ಗಾಳಿಯ ದೋಣಿ ಇಳಿಸುವುದು ಸಾಹಸವಲ್ಲ, ಹುಚ್ಚು. ಮೊದಲ ಸಲದವರು ಹೊನ್ನೆಮರಡುವಿನಂತಹ, ಜಲಸಾಹಸದ ತರಬೇತಿ ನಡೆಯುವ ಜಾಗದಲ್ಲಿ ಕಲಿತು ಬರಲಿ. ಬೇಸಿಗೆಯಲ್ಲಿ ನೀರಿನೊಳಗೆ ಕಾಣದಂತೆ ನಿಂತ ಬೊಡ್ಡೆಗಳು ಗಾಳಿಯ ದೋಣಿಯನ್ನು ಹರಿಯಬಲ್ಲವು. ಗಾಡಿ ಇಳಿಸಿದ ಕೂಡಲೇ ಹತ್ತಿ ಕೂರದೆ, ಮೊಣಕಾಲು ನೀರಿನವರೆಗೆ ದೋಣಿಯನ್ನು ನಡೆಸಿಕೊಂಡು ಹೋಗಿ.

ಮನೆಗೆ ಬಂದ ಮೇಲೆ ಚಕ್ರ ಕಳಚಿ ಇರುಸಿನ ಮಣ್ಣು ತೊಳೆಯಿರಿ. ಕೆಂಪು ಮಣ್ಣಿನ ನುಣ್ಣನೆಯ ಹುಡಿ ಚಕ್ರದ ನಡುತೂತಿನ ಬುಷ್ಷಿನೊಳಗೆ ಉಳಿದರೆ ಉಪ್ಪುಕಾಗದದಂತೆ ತೇಯುತ್ತದೆ. ಪ್ಲಾಸ್ಟಿಕ್ ಬುಷ್ಷಿಗೆ ಗ್ರೀಸು ಹಚ್ಚಬೇಡಿ, ಅದು ಇನ್ನಷ್ಟು ಮಣ್ಣನ್ನು ಹಿಡಿದಿಡುತ್ತದೆ.

ಕಡಾಣಿ ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ, ದೋಣಿಯ ಚೀಲದಲ್ಲಲ್ಲ, ಕೀಲಿಗೊಂಚಲಿನಲ್ಲಿ. ನನ್ನದೊಂದು ಈಗಲೂ ಹಿನ್ನೀರಿನ ಹುಲ್ಲಿನಲ್ಲಿದೆ. ಆ ಸಂಜೆ ಹೆಂಡತಿಯ ತಲೆಪಿನ್ನು ಬಾಗಿಸಿ ಚಕ್ರಕ್ಕೆ ಸಿಕ್ಕಿಸಿಕೊಂಡು ಕಾರಿನವರೆಗೆ ಬಂದೆವು. ಆ ಪಿನ್ನು ಇಂದಿಗೂ ಗಾಡಿಯಲ್ಲೇ ಇದೆ, ಅವಳು ಆಗಾಗ ಕೇಳುತ್ತಾಳೆ.